ಮೊದಲು ಮುರಿಯುವ ಭಾಗ ಯಾವುದಿರಬೇಕು?

ರಿಮೋಟ್‌ನಲ್ಲಿ ಓಡುವ ರಾಕ್ ರೇಸರ್ ಎರಡು ಜಾತಿಯ ಗಾಡಿಗಳ ಕೂಸು. ಬಂಡೆಯನ್ನು ಅಂಗುಲ ಅಂಗುಲವಾಗಿ ಹತ್ತುವ ಕ್ರಾಲರ್‌ನಿಂದ ಗಟ್ಟಿ ಆಕ್ಸಲ್, ಉದ್ದನೆಯ ಲಿಂಕ್, ಮೆತ್ತನೆಯ ದೊಡ್ಡ ಟೈರ್ ಬಂದಿವೆ. ಬಯಲಿನಲ್ಲಿ ಓಡುವ ಬಗ್ಗಿಯಿಂದ ವೇಗವೂ ಆ ವೇಗವನ್ನು ತಾಳುವ ಶಾಕ್‌ಗಳೂ ಬಂದಿವೆ. ಮೂಲ ಇರುವುದು ದೊಡ್ಡ ಗಾಡಿಗಳ ಪಂದ್ಯದಲ್ಲಿ. ಡೇವ್ ಕೋಲ್ ಮತ್ತು ಜೆಫ್ ನೋಲ್ 2007ರಲ್ಲಿ ಕ್ಯಾಲಿಫೋರ್ನಿಯಾದ ಜಾನ್ಸನ್ ವ್ಯಾಲಿಯಲ್ಲಿ ಆರಂಭಿಸಿದ ‘ಕಿಂಗ್ ಆಫ್ ದ ಹ್ಯಾಮರ್ಸ್’ ಪಂದ್ಯದಲ್ಲಿ ಮರುಭೂಮಿಯ ಬಯಲನ್ನೂ ಬಂಡೆ ತುಂಬಿದ ಕಮರಿಗಳನ್ನೂ ಒಂದೇ ಗಾಡಿಯಲ್ಲಿ ದಾಟಬೇಕು. ಅದಕ್ಕೆಂದೇ ತಯಾರಾದ ಕೊಳವೆ ಚೌಕಟ್ಟಿನ ಗಾಡಿಗಳು ಹತ್ತನೇ ಒಂದು ಅಳತೆಗೆ ಇಳಿದಾಗ ರಿಮೋಟ್ ರಾಕ್ ರೇಸರ್ ಆಯಿತು. ಆಕ್ಸಿಯಲ್ ಕಂಪನಿಯ ವ್ರೈತ್ 2011ರಲ್ಲಿ, ಯೇಟಿ 2014ರಲ್ಲಿ ಬಂದವು. ಆಮೇಲೆ ಬಂದ ಬಾಂಬರ್, ಆ ಪಂದ್ಯವನ್ನು ಗೆದ್ದ ರ‍್ಯಾಂಡಿ ಸ್ಲಾಸನ್‌ನ ಗಾಡಿಯ ಪಡಿಯಚ್ಚು. ವ್ರೈತ್ ಮತ್ತು ಬಾಂಬರ್‌ಗೆ ಹಿಂದೆ ಮುಂದೆ ಎರಡೂ ಕಡೆ ಗಟ್ಟಿ ಆಕ್ಸಲ್. ಯೇಟಿ ಮತ್ತು ಲೋಸಿ ಕಂಪನಿಯ ರಾಕ್ ರೇಗೆ ಹಿಂದೆ ಗಟ್ಟಿ ಆಕ್ಸಲ್, ಮುಂದೆ ಎರಡು ಚಕ್ರವೂ ಬೇರೆ ಬೇರೆಯಾಗಿ ಮೇಲೆ ಕೆಳಗೆ ಆಡುವ ವ್ಯವಸ್ಥೆ. ಬಂಡೆಯೇ ಮುಖ್ಯ ಎನ್ನುವವರು ಮೊದಲ ಜೋಡಿಯನ್ನೂ, ಓಟವೇ ಮುಖ್ಯ ಎನ್ನುವವರು ಎರಡನೆಯದನ್ನೂ ಆರಿಸುತ್ತಾರೆ.

ಅಳತೆ ಹತ್ತನೇ ಒಂದಾದರೆ ತೂಕ ಸಾವಿರದಲ್ಲೊಂದಾಗುತ್ತದೆ. ಎರಡೂವರೆ ಟನ್ನಿನ ಗಾಡಿಯ ಮಾದರಿ ಸುಮಾರು ಎರಡೂವರೆ ಕಿಲೋ ತೂಗುತ್ತದೆ. ಕೊಳವೆ, ಸರಳುಗಳ ಅಡ್ಡಕೊಯ್ತ ಮಾತ್ರ ನೂರರಲ್ಲೊಂದಕ್ಕೆ ಇಳಿಯುವುದರಿಂದ ಮಾದರಿ ತನ್ನ ತೂಕಕ್ಕೆ ಹತ್ತು ಪಟ್ಟು ಗಟ್ಟಿ. ಪಲ್ಟಿ ಹೊಡೆದು, ಬಿದ್ದು, ಮತ್ತೆ ಎದ್ದು ಓಡುವ ಆಟ ಸಾಧ್ಯವಾಗಿರುವುದೇ ಈ ಲೆಕ್ಕದಿಂದ. ಆದರೆ ಗುರುತ್ವ ಮಾದರಿಗೆಂದು ಬದಲಾಗುವುದಿಲ್ಲ. ಮಾದರಿ ಗಂಟೆಗೆ 30 ಕಿ.ಮೀ. ಓಡಿದರೆ, ಜಿಗಿತ ಉಬ್ಬುಗಳ ಲೆಕ್ಕದಲ್ಲಿ ಅದು ದೊಡ್ಡ ಗಾಡಿಯ 95 ಕಿ.ಮೀ. ವೇಗಕ್ಕೆ ಸಮ. ಆ 30 ಕಿ.ಮೀ. ವೇಗದಲ್ಲಿ ಬಂಡೆಗೆ ಗುದ್ದಿದರೆ ಮೂರೂವರೆ ಮೀಟರ್ ಎತ್ತರದಿಂದ ನೆಲಕ್ಕೆ ಬಿದ್ದಷ್ಟೇ ಪೆಟ್ಟು. ಕ್ರಾಲರ್‌ನಲ್ಲಿ ವರ್ಷಗಟ್ಟಲೆ ಬಾಳಿದ ಭಾಗ ರಾಕ್ ರೇಸರ್‌ನಲ್ಲಿ ಒಂದು ಸಂಜೆಗೆ ಮುರಿಯುವುದು ಇದಕ್ಕೇ.

ಬೆಳಗಾವಿ ಜಿಲ್ಲೆಯ ಧುಪದಾಳದ ಸುತ್ತಲಿನ ನೆಲ ಈ ಗಾಡಿಗೆ ಹೇಳಿ ಮಾಡಿಸಿದಂತಿದೆ, ಅಷ್ಟೇ ನಿರ್ದಯವೂ ಆಗಿದೆ. ಕೆಲವೇ ಕಿಲೋಮೀಟರ್ ಕೆಳಗೆ ಗೋಕಾಕ ಜಲಪಾತದಲ್ಲಿ ಘಟಪ್ರಭೆ ಸುಮಾರು 52 ಮೀಟರ್ ಧುಮುಕುವುದು ಮರಳುಗಲ್ಲಿನ ಅಂಚಿನಿಂದ. ಬಾಗಲಕೋಟೆ ಜಿಲ್ಲೆಯ ಕಲಾದಗಿಯ ಹೆಸರು ಹೊತ್ತ ಶಿಲಾಸಮೂಹಕ್ಕೆ ಸೇರಿದ ಕಲ್ಲು ಅದು. ಅದರ ಕಣ ಬೆಣಚು. ಗಡಸುತನ ಮೋಸ್ ಮಾಪನದಲ್ಲಿ 7. ಒಣಗಿದಾಗ ರಬ್ಬರಿಗೆ ಇಷ್ಟು ಒಳ್ಳೆಯ ಹಿಡಿತ ಕೊಡುವ ಕಲ್ಲು ಅಪರೂಪ. ಆದರೆ ಹಿಡಿತ ಹೆಚ್ಚಾದಷ್ಟೂ ಆಕ್ಸಲ್, ಗೇರುಗಳ ಮೇಲೆ ಹೊರೆ ಹೆಚ್ಚು: ಚಕ್ರ ಜಾರಿದರೆ ಉಳಿಯುವ ಹಲ್ಲು, ಚಕ್ರ ಕಚ್ಚಿಕೊಂಡರೆ ಹೋಗುತ್ತದೆ. ಮೂಡಲಗಿ ಕಡೆಯ ಕಬ್ಬಿನ ಎರೆ ಹೊಲಗಳದು ಇನ್ನೊಂದು ತರಹದ ಕಾಟ. ಹಸಿಯಿದ್ದಾಗ ಮಣ್ಣು ಟೈರಿಗೆ ಮೆತ್ತಿ ಗಾಡಿಯ ತೂಕವನ್ನೇ ಏರಿಸುತ್ತದೆ; ಒಣಗಿದಾಗ ಹೆಂಟೆ ಕಲ್ಲಿಗಿಂತ ಕಡಿಮೆಯಿಲ್ಲ, ಧೂಳು ಎಲ್ಲಿ ಬೇಕಾದರೂ ನುಗ್ಗುತ್ತದೆ. ಧುಪದಾಳ ಜಲಾಶಯದ ದಂಡೆಯನ್ನಂತೂ ಬಿಟ್ಟುಬಿಡಬೇಕು. ಅದು ಘಟಪ್ರಭಾ ಪಕ್ಷಿಧಾಮ. ಚಳಿಗಾಲದಲ್ಲಿ ಕರ್ಕರ ಕೊಕ್ಕರೆಗಳು ಬಂದಿಳಿಯುವ ಜಾಗದಲ್ಲಿ ಮೋಟಾರಿನ ಕಿರುಚಾಟಕ್ಕೆ ಎಡೆಯಿಲ್ಲ. ಒಡ್ಡಿನ ಕೆಳಗಿನ ನದಿಪಾತ್ರವೂ ನೀರು ಬಿಟ್ಟಾಗ ಅಪಾಯದ ಜಾಗ. ಮಾಲೀಕರ ಒಪ್ಪಿಗೆಯಿರುವ ಹಳೆಯ ಕಲ್ಲುಗಣಿ, ಗರಸು ಗುಡ್ಡ, ಕೊಯ್ಲಾದ ಹೊಲ ಇವೇ ಸರಿ.

ಇಂಥ ನೆಲದಲ್ಲಿ ಗಾಡಿ ಕಟ್ಟುವ ಇಡೀ ವಿದ್ಯೆಗೆ ಒಂದು ಸೂತ್ರವಿದೆ: ಯಾವುದೋ ಒಂದು ಭಾಗ ಮುರಿದೇ ಮುರಿಯುತ್ತದೆ; ಅದು ಯಾವುದೆಂದು ಬಂಡೆಗಿಂತ ಮೊದಲು ಮಾಲೀಕ ನಿರ್ಧರಿಸಿರಬೇಕು. ಮೋಟಾರಿನಿಂದ ಚಕ್ರದವರೆಗೆ ಬಲ ಒಂದು ಸರಪಳಿಯಲ್ಲಿ ಹರಿಯುತ್ತದೆ. ಒಂದು ಕೊಂಡಿಯನ್ನು ಉಕ್ಕಿನದು ಮಾಡಿದರೆ ಪೆಟ್ಟು ಪಕ್ಕದ ಕೊಂಡಿಗೆ ಹೋಗುತ್ತದೆ. ಭಾರತದಲ್ಲಿ ಈ ಲೆಕ್ಕಕ್ಕೆ ಹಣದ ಮುಖವೂ ಇದೆ. ಆಟಿಕೆಗಳ ಮೇಲಿನ ಆಮದು ಸುಂಕ 2020ರಲ್ಲಿ ಶೇ 20ರಿಂದ 60ಕ್ಕೆ, 2023ರಲ್ಲಿ ಶೇ 70ಕ್ಕೆ ಏರಿತು. ಬಿಡಿಭಾಗಕ್ಕಾಗಿ ವಾರಗಟ್ಟಲೆ ಕಾಯುವುದು ಬೇರೆ. ಹಾಗಾಗಿ ಮುರಿಯಬೇಕಾದದ್ದು ಅಗ್ಗದ, ಊರಲ್ಲೇ ಸಿಗುವ ಅಥವಾ ಊರಲ್ಲೇ ಮಾಡಿಸಬಹುದಾದ ಭಾಗ.

ಜೋಡಣೆ ಶುರುವಾಗುವುದು ಆಕ್ಸಲ್‌ನ ಹೊಟ್ಟೆಯಿಂದ. ರಿಂಗ್ ಗೇರ್ ಮತ್ತು ಪಿನಿಯನ್ ನಡುವಿನ ಸಡಿಲವನ್ನು 0.1 ಮಿ.ಮೀ. ದಪ್ಪದ ಶಿಮ್ ವಾಶರ್‌ಗಳಿಂದ ಸರಿಪಡಿಸಬೇಕು. ಕೈಯಲ್ಲಿ ತಿರುಗಿಸಿದಾಗ ಎಲ್ಲೂ ತಡೆಯಬಾರದು, ಹಿಂದೆ ಮುಂದೆ ಅಲುಗಿಸಿದಾಗ ಟಕ್ ಎನ್ನಬಾರದು. ಕಾರ್ಖಾನೆಯಿಂದ ಜೋಡಿಸಿಯೇ ಬಂದ ಗಾಡಿಯಲ್ಲೂ ಈ ಕೆಲಸ ಮತ್ತೊಮ್ಮೆ ಆಗಬೇಕು. ಗ್ರೀಸ್ ಇರಬೇಕಾದಲ್ಲಿ ಇಲ್ಲದಿರುವುದು ಅಂಥವುಗಳಲ್ಲಿ ಸಾಮಾನ್ಯ. ಹಿಂದಿನ ಡಿಫರೆನ್ಶಿಯಲ್ ಲಾಕ್ ಆಗಿರುವುದೇ ಬಂಡೆಗೆ ಮೇಲು. ಮುಂದಿನದು ತೆರೆದಿದ್ದರೆ ಅದರೊಳಗೆ ದಪ್ಪ ಸಿಲಿಕೋನ್ ಎಣ್ಣೆ ತುಂಬಿ ಅರೆ ಬಿಗಿ ಮಾಡಬಹುದು. ತೆಳು ಎಣ್ಣೆಗೆ ತಿರುವು ಸಲೀಸು. ದಪ್ಪ ಎಣ್ಣೆಗೆ ಹತ್ತುವಾಗ ಹಿಡಿತ.

ಲೋಹಕ್ಕೆ ಲೋಹ ಸೇರುವ ಪ್ರತಿ ಸ್ಕ್ರೂಗೂ ನೀಲಿ ಥ್ರೆಡ್‌ಲಾಕರ್ ಒಂದು ಹನಿ ಬೇಕು. ಪ್ಲಾಸ್ಟಿಕ್ ಹತ್ತಿರ ಅದು ಸುಳಿಯಲೇಬಾರದು, ಪಾಲಿಕಾರ್ಬನೇಟ್ ಸೀಳುಬಿಡುತ್ತದೆ. ಸ್ಪರ್ ಗೇರ್ ಮತ್ತು ಮೋಟಾರ್ ಪಿನಿಯನ್ ನಡುವೆ ಒಂದು ತೆಳು ಕಾಗದದ ಪಟ್ಟಿ ಇಟ್ಟು ಒತ್ತಿ, ಮೋಟಾರಿನ ಸ್ಕ್ರೂ ಬಿಗಿದು, ಕಾಗದ ತೆಗೆದರೆ ಉಳಿಯುವ ಸಂದೇ ಸರಿಯಾದ ಸಂದು. ಹಲ್ಲಿನ ಅಳತೆಯಲ್ಲಿ ಮೋಸ ಹೋಗುವವರು ಬಹಳ. 32 ಪಿಚ್ ಎಂದರೆ ಮಾಡ್ಯೂಲ್ 0.79, 0.8 ಮಾಡ್ಯೂಲ್‌ನ ಗೇರ್ ಅದರೊಡನೆ ಹೇಗೋ ಹೊಂದಿಕೊಳ್ಳುತ್ತದೆ. 48 ಪಿಚ್ ಎಂದರೆ 0.53, ಅದಕ್ಕೆ 0.5ರ ಗೇರ್ ಜೋಡಿಸಿದರೆ ಒಂದೆರಡು ಬ್ಯಾಟರಿ ಮುಗಿಯುವಷ್ಟರಲ್ಲಿ ಹಲ್ಲು ಪುಡಿ. ಡ್ರೈವ್‌ಶಾಫ್ಟ್‌ನ ಎರಡು ತುದಿಯ ಯೂನಿವರ್ಸಲ್ ಜಾಯಿಂಟ್‌ಗಳ ನೊಗಗಳು ಒಂದೇ ಸಾಲಿನಲ್ಲಿರಬೇಕು. 90 ಡಿಗ್ರಿ ತಪ್ಪಿದರೆ ವೇಗ ಏರಿದಂತೆ ಗಾಡಿ ನಡುಗುತ್ತದೆ, ಆಕ್ಸಲ್ ಬೇರಿಂಗ್ ಬೇಗ ಸಾಯುತ್ತದೆ.

ಶಾಕ್‌ಗಳಲ್ಲಿ ಅವಸರ ಕೂಡದು. ಎಣ್ಣೆ ತುಂಬಿ, ಪಿಸ್ಟನ್ ನಿಧಾನ ಏರಿಳಿಸಿ, ಗುಳ್ಳೆಗಳೆಲ್ಲ ಮೇಲೆ ಬರುವವರೆಗೆ ನಿಲ್ಲಿಸಿಟ್ಟು, ಆಮೇಲೆ ಮುಚ್ಚಳ. ಗಾಡಿಯನ್ನು ಮೊಣಕಾಲೆತ್ತರದಿಂದ ಬಿಟ್ಟಾಗ ಹೊಟ್ಟೆ ನೆಲಕ್ಕೆ ತಾಗಿಯೂ ತಾಗದಂತೆ ಕುಳಿತು, ಒಂದೇ ಸಲಕ್ಕೆ ಮೇಲೆ ಬಂದು ನಿಲ್ಲಬೇಕು. ಕಪ್ಪೆಯಂತೆ ಕುಪ್ಪಳಿಸಿದರೆ ಎಣ್ಣೆ ತೆಳು. ಏಪ್ರಿಲ್‌ನ ಮಧ್ಯಾಹ್ನ ಎಣ್ಣೆ ಇನ್ನಷ್ಟು ತೆಳ್ಳಗಾಗುವುದರಿಂದ ಚಳಿಗಾಲದ ಹೊಂದಾಣಿಕೆ ಬೇಸಿಗೆಗೆ ಒಗ್ಗುವುದಿಲ್ಲ.

ಗಟ್ಟಿ ಆಕ್ಸಲ್ ಗಾಡಿಯ ಜನ್ಮಜಾತ ದೋಷವೊಂದನ್ನು ಇಲ್ಲೇ ಹೇಳಬೇಕು. ಥ್ರಾಟಲ್ ಒತ್ತಿದ ಕೂಡಲೇ ಡ್ರೈವ್‌ಶಾಫ್ಟ್ ಒಂದು ದಿಕ್ಕಿಗೆ ತಿರುಗುತ್ತದೆ. ಚೌಕಟ್ಟು ಅದರ ವಿರುದ್ಧ ದಿಕ್ಕಿಗೆ ತಿರುಚಿಕೊಳ್ಳುತ್ತದೆ. ಒಂದು ಮಗ್ಗುಲು ಕುಸಿದು, ಇನ್ನೊಂದು ಮಗ್ಗುಲಿನ ಮುಂಚಕ್ರ ಹಗುರಾಗುತ್ತದೆ. ಹತ್ತುವ ಬಂಡೆಯ ಮೇಲೆ ಆ ಚಕ್ರವೇ ಹಿಡಿತ ತಪ್ಪುವುದು. ಸ್ಪ್ರಿಂಗ್ ಗಟ್ಟಿ ಮಾಡಿದರೆ ದೋಷ ತಗ್ಗುತ್ತದೆ, ಜೊತೆಗೆ ಚಕ್ರ ನೆಲಕ್ಕೆ ಒಗ್ಗುವ ಗುಣವೂ ತಗ್ಗುತ್ತದೆ. ಹಿಂದೆ ಒಂದು ಸ್ವೇ ಬಾರ್ ಹಾಕುವುದು ಅದಕ್ಕಿಂತ ಜಾಣತನ. ಎಲ್ಲಕ್ಕಿಂತ ಒಳ್ಳೆಯದು, ಗೇರಿನ ಇಳಿತದ ಹೆಚ್ಚು ಪಾಲನ್ನು ಗೇರ್‌ಬಾಕ್ಸ್ ಬಿಟ್ಟು ಆಕ್ಸಲ್ ಒಳಗೇ ಇರಿಸುವುದು; ಆಗ ಶಾಫ್ಟ್ ವೇಗವಾಗಿ ತಿರುಗುತ್ತದೆ, ಅದರ ತಿರುಚು ಬಲ ಮಾತ್ರ ಕಡಿಮೆ.

ವಿದ್ಯುತ್ ಭಾಗದಲ್ಲಿ ಲೆಕ್ಕ ಸರಳ. 3000 ಕೆವಿ ಬ್ರಶ್‌ಲೆಸ್ ಮೋಟಾರ್ ಪ್ರತಿ ವೋಲ್ಟಿಗೆ ನಿಮಿಷಕ್ಕೆ 3000 ಸುತ್ತು ತಿರುಗುತ್ತದೆ. ಎರಡು ಸೆಲ್‌ನ ಲಿಪೋ ಬ್ಯಾಟರಿಯ 7.4 ವೋಲ್ಟಿಗೆ 22,200 ಸುತ್ತು. ಒಟ್ಟು ಗೇರ್ ಇಳಿತ 20, ಟೈರ್ ವ್ಯಾಸ 14 ಸೆಂ.ಮೀ. ಆದರೆ ಲೆಕ್ಕದ ಗರಿಷ್ಠ ವೇಗ ಗಂಟೆಗೆ ಸುಮಾರು 29 ಕಿ.ಮೀ. ಇಲ್ಲಿನ ಮರಳುಗಲ್ಲಿಗೆ ಅಷ್ಟು ಸಾಕು. ಮೂರನೇ ಸೆಲ್ ಸೇರಿಸಿದರೆ ವೇಗ ಒಂದೂವರೆ ಪಟ್ಟು. ಗುದ್ದಿನ ಶಕ್ತಿ ಎರಡೂಕಾಲು ಪಟ್ಟು. ಮೂರು ಸೆಲ್‌ನ ಹುಚ್ಚಿಗೆ ಬಿದ್ದವರ ಖರ್ಚು ಎಲ್ಲಿಂದ ಬರುತ್ತದೆ ಎಂಬುದಕ್ಕೆ ಬೇರೆ ವಿವರಣೆ ಬೇಕಿಲ್ಲ.

ಸ್ಟಿಯರಿಂಗ್ ಸರ್ವೋಗೆ 20 ಕಿಲೋ-ಸೆಂ.ಮೀ. ಆಸುಪಾಸಿನ ಬಲ, ಲೋಹದ ಗೇರು ಬೇಕು. ಎರಡು ಕಲ್ಲಿನ ನಡುವೆ ಚಕ್ರ ಸಿಕ್ಕಿಕೊಂಡಾಗ ಸರ್ವೋ ಎಳೆಯುವ ಕರೆಂಟಿಗೆ ರಿಸೀವರ್‌ನ ವೋಲ್ಟೇಜ್ ಕುಸಿದು ಗಾಡಿ ಕ್ಷಣಕಾಲ ನಿಯಂತ್ರಣ ತಪ್ಪುತ್ತದೆ. ರೇಂಜ್ ಕಡಿಮೆಯಾಯಿತೆಂದು ರಿಮೋಟನ್ನು ಬೈಯುವವರು ಮೊದಲು ಇದನ್ನು ನೋಡಬೇಕು. ಸರ್ವೋಗೆ ಪ್ರತ್ಯೇಕ ಬಿಇಸಿ (ಬ್ಯಾಟರಿಯ ವೋಲ್ಟೇಜ್ ಇಳಿಸಿ ಸ್ಥಿರವಾಗಿ ಕೊಡುವ ಸರ್ಕಿಟ್) ಕೊಟ್ಟರೆ ಕಾಟ ಮುಗಿಯುತ್ತದೆ. ಇಂದಿನ ರಿಮೋಟ್‌ಗಳು ಕೆಲಸ ಮಾಡುವ 2.4 ಗಿಗಾಹರ್ಟ್ಸ್ ತರಂಗಪಟ್ಟಿಯಲ್ಲಿ ಕಡಿಮೆ ಶಕ್ತಿಯ ಉಪಕರಣಗಳಿಗೆ ಭಾರತದಲ್ಲಿ 2005ರಿಂದ ಲೈಸೆನ್ಸ್ ಬೇಕಿಲ್ಲ. ಸಿಗ್ನಲ್ ತಪ್ಪಿದರೆ ಥ್ರಾಟಲ್ ತಾನೇ ನಿಲ್ಲುವಂತೆ ಫೇಲ್‌ಸೇಫ್ ಹೊಂದಿಸದೆ ಗಾಡಿಯನ್ನು ಜನರ ನಡುವೆ ಬಿಡಬಾರದು.

ಅಪ್‌ಗ್ರೇಡ್ ಎಂದೊಡನೆ ಹೊಳೆಯುವ ಅಲ್ಯುಮಿನಿಯಂ ಕಣ್ಣಿಗೆ ಬೀಳುತ್ತದೆ. ಬೆಣಚಿನ ಕಲ್ಲಿನ ಮೇಲೆ ಅಲ್ಯುಮಿನಿಯಂ ಜಾರುವುದಿಲ್ಲ, ಕೆರೆದು ನಿಲ್ಲುತ್ತದೆ. ಹೊಟ್ಟೆಯ ತಟ್ಟೆಗೂ ಕೆಳಗಿನ ಲಿಂಕ್‌ಗಳಿಗೂ ಡೆಲ್ರಿನ್ ಪ್ಲಾಸ್ಟಿಕ್ ಅದಕ್ಕಿಂತ ಮೇಲು: ಜಾರುತ್ತದೆ, ಬಾಗಿ ಮತ್ತೆ ನೆಟ್ಟಗಾಗುತ್ತದೆ. ಬಾಗಿದ ಅಲ್ಯುಮಿನಿಯಂ ಲಿಂಕ್ ಬಾಗಿದ್ದೇ. ಅಲ್ಯುಮಿನಿಯಂ ನಿಜಕ್ಕೂ ಬೇಕಾದದ್ದು ಮೋಟಾರ್ ಕೂರುವ ತಟ್ಟೆಗೆ, ಏಕೆಂದರೆ ಅದು ಶಾಖವನ್ನೂ ಎಳೆಯುತ್ತದೆ, ಗೇರಿನ ಸಂದನ್ನೂ ಕದಲದಂತೆ ಹಿಡಿಯುತ್ತದೆ. ಮತ್ತೆ ಸ್ಟಿಯರಿಂಗ್ ನಕಲ್‌ಗಳಿಗೆ. ಆಕ್ಸಲ್ ಶಾಫ್ಟ್, ಪಿನಿಯನ್‌ಗಳು ಗಡಸು ಉಕ್ಕಿನವೇ ಇರಲಿ. ಇಷ್ಟಾದ ಮೇಲೆ ಮುರಿಯಲು ಉಳಿಯುವುದು ಲಿಂಕ್ ತುದಿಯ ನೈಲಾನ್ ರಾಡ್‌ಎಂಡ್. ಮುರಿಯಬೇಕಾದದ್ದೂ ಅದೇ. ಅಗ್ಗದ ಭಾಗ, ಜೇಬಿನಲ್ಲಿ ಹತ್ತಾರು ಇಟ್ಟುಕೊಳ್ಳಬಹುದು, ಬದಲಿಸಲು ಎರಡು ಸ್ಕ್ರೂ ಬಿಚ್ಚಿದರಾಯಿತು. ಹೊಸ ನೈಲಾನ್ ಭಾಗಗಳನ್ನು ಕುದಿಯುವ ನೀರಿನಲ್ಲಿ ಸ್ವಲ್ಪ ಹೊತ್ತು ಬೇಯಿಸಿದರೆ ನೀರು ಹೀರಿ ಬಿರುಸು ಕಳೆದುಕೊಂಡು, ಮುರಿಯುವ ಬದಲು ಬಳುಕುತ್ತವೆ.

ಬೆಳಗಾವಿ ಜಿಲ್ಲೆಯವರಿಗೆ ಈ ಹವ್ಯಾಸದಲ್ಲಿ ಒಂದು ಅನುಕೂಲವಿದೆ. ಬೆಳಗಾವಿಯ ಉದ್ಯಮಬಾಗ್‌ನಲ್ಲಿ ಲೇಥ್‌ಗಳ ಸಾಲೇ ಇದೆ, ಗಡಿಯಾಚೆ ಕೊಲ್ಲಾಪುರದಲ್ಲೂ ಇದೆ. ಹುಕ್ಕೇರಿ ತಾಲ್ಲೂಕಿನ ಹತ್ತರಗಿಯಲ್ಲಿ ವಿಮಾನದ ಭಾಗಗಳೇ ತಯಾರಾಗುತ್ತವೆ. ಒಂದು ಲಿಂಕ್ ಎಂದರೆ 6 ಅಥವಾ 8 ಮಿ.ಮೀ. ಸರಳು, ಎರಡು ತುದಿಗೆ ರಂಧ್ರ, ಒಳಗೆ ಥ್ರೆಡ್. ಎಂ3 ಥ್ರೆಡ್‌ಗೆ 2.5 ಮಿ.ಮೀ. ಡ್ರಿಲ್, ಎಂ4ಕ್ಕೆ 3.3. ಮಾದರಿಯೊಂದನ್ನು ಕೈಗಿಟ್ಟರೆ ಲೇಥಿನವರಿಗೆ ಅದು ಚಹಾದ ಹೊತ್ತಿನ ಕೆಲಸ. ಓರೆ ಹಲ್ಲಿನ ರಿಂಗ್ ಗೇರ್ ಮಾತ್ರ ಅಲ್ಲಿ ಆಗದು. ಅದನ್ನು ಮೊದಲೇ ಒಂದು ಜೊತೆ ತರಿಸಿಟ್ಟಿರಬೇಕು. ಬೇರಿಂಗ್‌ಗಳನ್ನು ಗಾಡಿಯ ಹೆಸರು ಹೇಳಿ ಕೇಳುವ ಬದಲು ನಂಬರ್ ಹೇಳಿ ಬೇರಿಂಗ್ ಅಂಗಡಿಯಲ್ಲಿ ಕೇಳಬೇಕು: 5×10×4ಕ್ಕೆ ಎಂಆರ್105, 5×11×4ಕ್ಕೆ ಎಂಆರ್115, 10×15×4ಕ್ಕೆ 6700. ಎರಡೂ ಬದಿ ರಬ್ಬರ್ ಸೀಲ್ ಇರುವಂಥದೇ ಇಲ್ಲಿನ ಧೂಳಿಗೆ ತಕ್ಕದ್ದು.

ರಿಪೇರಿಯಲ್ಲಿ ರೋಗಲಕ್ಷಣ ಓದುವುದೇ ಅರ್ಧ ಕೆಲಸ. ಮೋಟಾರ್ ತಿರುಗಿ ಗಾಡಿ ನಿಂತಿದ್ದರೆ ಪಿನಿಯನ್‌ನ ಗ್ರಬ್ ಸ್ಕ್ರೂ ಸಡಿಲ, ಇಲ್ಲವೇ ಸ್ಲಿಪ್ಪರ್ ಕ್ಲಚ್ ಸವೆದಿದೆ. ಹೊರೆ ಬಿದ್ದಾಗ ಮಾತ್ರ ಟಕಟಕ ಎಂದರೆ ಆಕ್ಸಲ್‌ನ ರಿಂಗ್ ಗೇರ್ ಹಲ್ಲು ಜಿಗಿಯುತ್ತಿದೆ; ಆ ಸದ್ದಿನ ಮೇಲೆ ಇನ್ನೂ ಓಡಿಸಿದರೆ ಶಿಮ್‌ನ ಖರ್ಚು ಗೇರಿನ ಖರ್ಚಾಗುತ್ತದೆ. ಸ್ಲಿಪ್ಪರನ್ನು ಪೂರ್ತಿ ಬಿಗಿಯುವುದು ಹಲವರ ಚಟ. ಬಂಡೆ ಚಕ್ರವನ್ನು ಹಠಾತ್ತನೆ ಹಿಡಿದಾಗ ಜಾರಿ ಗೇರನ್ನು ಉಳಿಸುವುದಕ್ಕೆಂದೇ ಅದು ಅಲ್ಲಿದೆ. ಬಿಚ್ಚಲು ಬಾರದ ಸ್ಕ್ರೂವಿನ ತಲೆಗೆ ಬೆಸುಗೆ ಕಬ್ಬಿಣವನ್ನು ಅರೆನಿಮಿಷ ಮುಟ್ಟಿಸಿದರೆ ಥ್ರೆಡ್‌ಲಾಕರ್ ಮೆತ್ತಗಾಗಿ ಎಲನ್ ಕೀಗೆ ಬಗ್ಗುತ್ತದೆ. ಬಾಗಿದ ಪಿನ್ ಹೌದೋ ಅಲ್ಲವೋ ಎಂದು ಗಾಜಿನ ಮೇಲೆ ಉರುಳಿಸಿ ನೋಡಬೇಕು. ಪೆಟ್ರೋಲ್, ಸೀಮೆಎಣ್ಣೆಯಲ್ಲಿ ತೊಳೆಯುವ ಗ್ಯಾರೇಜಿನ ರೂಢಿ ಇಲ್ಲಿ ಸಲ್ಲದು. ಶಾಕ್‌ನ ಓ-ರಿಂಗ್ ಉಬ್ಬಿ ಸೋರತೊಡಗುತ್ತದೆ. ಮೆತ್ತನೆಯ ಬ್ರಶ್ಶು, ಗಾಳಿ, ಬೇರಿಂಗ್‌ಗೆ ಐಸೊಪ್ರೊಪೈಲ್ ಆಲ್ಕೊಹಾಲ್, ಆಮೇಲೆ ಒಂದು ಹನಿ ಎಣ್ಣೆ ಸಾಕು. ಎರೆ ಮಣ್ಣು ಹಸಿಯಿದ್ದಾಗ ಉಜ್ಜುವುದಕ್ಕಿಂತ ಒಣಗಿದ ಮೇಲೆ ಉದುರಿಸುವುದು ಸುಲಭ.

ಬ್ಯಾಟರಿಗೆ ಬೇರೆಯೇ ಶಿಸ್ತು. ಪೂರ್ತಿ ತುಂಬಿದ ಸೆಲ್ 4.2 ವೋಲ್ಟ್, 3.3ರ ಆಸುಪಾಸಿಗೆ ಓಟ ನಿಲ್ಲಬೇಕು. 5000 ಎಂಎಎಚ್ ಪ್ಯಾಕನ್ನು 5 ಆಂಪಿಯರ್‌ಗಿಂತ ಹೆಚ್ಚಿಗೆ ಚಾರ್ಜ್ ಮಾಡುವ ಅವಸರ ಬೇಡ. ಬಿಸಿಲಿನಿಂದ ಬಂದ ಪ್ಯಾಕ್ ತಣಿಯುವವರೆಗೆ ಚಾರ್ಜರ್‌ಗೆ ಹಾಕಬಾರದು. ಚಾರ್ಜ್ ಆಗುವಾಗ ಮಣ್ಣಿನ ಕುಂಡದಲ್ಲಿಟ್ಟು ಕಣ್ಣಳತೆಯಲ್ಲಿರಿಸಬೇಕು. ಹೊಟ್ಟೆ ಉಬ್ಬಿದ ಪ್ಯಾಕ್ ಮತ್ತೆ ಗಾಡಿಗೆ ಹೋಗಕೂಡದು. ಜೂನ್‌ನಲ್ಲಿ ಮಳೆ ಹಿಡಿದು ಕಲ್ಲು ಪಾಚಿಗಟ್ಟಿದ ಮೇಲೆ ಗಾಡಿಗೆ ಕೆಲಸವಿಲ್ಲ. ಆಗ ಸೆಲ್‌ಗಳನ್ನು 3.8 ವೋಲ್ಟಿಗೆ ತಂದಿಟ್ಟು, ಟೈರ್‌ಗಳು ನೆಲಕ್ಕೆ ತಾಗದಂತೆ ಗಾಡಿಯನ್ನು ಗೂಟದ ಮೇಲೆ ಕೂರಿಸಿ, ಸ್ಲಿಪ್ಪರ್‌ನ ಸ್ಪ್ರಿಂಗ್ ಸಡಿಲಿಸಿ, ಆಕ್ಸಲ್‌ಗಳನ್ನು ಬಿಚ್ಚಿ ಹಳೆಯ ಗ್ರೀಸ್ ಒರೆಸಿ ಹೊಸದು ತುಂಬಬೇಕು. ಒರೆಸಿದ ಗ್ರೀಸ್‌ನಲ್ಲಿ ಉಕ್ಕಿನ ಚೂರು ಮಿಂಚಿದರೆ, ಮುಂದಿನ ಋತುವಿನ ರಿಂಗ್ ಗೇರ್‌ಗೆ ಆರ್ಡರ್ ಹಾಕುವ ಹೊತ್ತು ಅದೇ.