ವಿದ್ಯಾಪೀಠದಲ್ಲಿ ಪಂಕ್ತಿಭೇದ

ವಿಜ್ಞಾನಗಳಿಗೆ ಅಗ್ರಪಂಕ್ತಿ, ದೇಶಭಾಷೆಗಳಿಗೆ ಕಡೆಯ ಎಲೆ: ವಿಶ್ವವಿದ್ಯಾಲಯಗಳ ಈ ಪಂಕ್ತಿಭೇದಕ್ಕೆ ವಿಷಯದ ಕಾಠಿನ್ಯವೇ ಕಾರಣವೆಂಬ ನಂಬಿಕೆ ರೂಢಮೂಲವಾಗಿದೆ. ಹೈದರಾಬಾದಿನ ಉಸ್ಮಾನಿಯಾ ವಿಶ್ವವಿದ್ಯಾಲಯದ ಇತಿಹಾಸ ಇದನ್ನು ಸಮರ್ಥಿಸುವುದಿಲ್ಲ.

1918ರಲ್ಲಿ ಸ್ಥಾಪಿತವಾದ ಈ ವಿದ್ಯಾಪೀಠದ ಬೋಧನಾಭಾಷೆ ಉರ್ದು; ಇಂಗ್ಲಿಷು ಕಡ್ಡಾಯ ವಿಷಯ. ಇದಕ್ಕೆಂದೇ ಏರ್ಪಟ್ಟ ದಾರುಲ್ ತರ್ಜುಮಾ ಎಂಬ ಅನುವಾದ ಸಂಸ್ಥೆ ಗಣಿತ, ರಸಾಯನ, ವೈದ್ಯ, ನ್ಯಾಯಶಾಸ್ತ್ರಗಳನ್ನು ಉರ್ದುವಿಗೆ ತಂದು ಪರಿಭಾಷೆಯನ್ನು ನಿರ್ಮಿಸಿತು. ದೇಶಭಾಷೆಯಲ್ಲಿ ಉನ್ನತ ಬೋಧನೆ ಅಶಕ್ಯವೆಂಬ ವಾದಕ್ಕೆ ಇದು ಕೃತಿರೂಪದ ಉತ್ತರ. ಆದರೆ ಸಂಸ್ಥಾನದ ಬಹುಜನರ ನುಡಿಗಳಾದ ತೆಲುಗು, ಮರಾಠಿ, ಕನ್ನಡಗಳು ಕಲಿಯುವ ವಿಷಯಗಳಾದುವೇ ಹೊರತು ಕಲಿಸುವ ಮಾಧ್ಯಮಗಳಾಗಲಿಲ್ಲ.

1948ರ ಅನಂತರ ಇಂಗ್ಲಿಷು ಮಾಧ್ಯಮವಾಯಿತು. ಉರ್ದುವಿನ ಸಾಮರ್ಥ್ಯ ಎಳ್ಳಷ್ಟೂ ಕುಂದಿರಲಿಲ್ಲ. ಆದರೂ ಅದು ತಾನು ಹಿಂದೆ ಕೂರಿಸಿದ್ದ ಭಾಷೆಗಳ ಸಾಲಿಗೇ ಇಳಿದು ಒಂದು ವಿಭಾಗವಾಗಿ ಉಳಿಯಿತು. ಸ್ಥಾನವನ್ನು ಕೊಟ್ಟುದೂ ಕಿತ್ತುಕೊಂಡುದೂ ರಾಜ್ಯಾಧಿಕಾರವೇ, ಶಾಸ್ತ್ರವಲ್ಲ.

ಹಾಗಾದರೆ ಅಧಿಕಾರವೊಂದೇ ಸಾಕೆ? 1963ರಲ್ಲಿ ಕನ್ನಡ ಶಾಸನಬದ್ಧವಾಗಿ ರಾಜ್ಯದ ಆಡಳಿತ ಭಾಷೆಯಾಯಿತು. ಆದರೂ ಕರ್ನಾಟಕದಲ್ಲಿ ವೈದ್ಯ, ಎಂಜಿನಿಯರಿಂಗ್ ಬೋಧನೆ ಬಹುಮಟ್ಟಿಗೆ ಇಂಗ್ಲಿಷಿನಲ್ಲಿಯೇ ಇದೆ. ಗ್ರಂಥಬಲವಿಲ್ಲದ ಅಧಿಕಾರವೂ, ಅಧಿಕಾರವಿಲ್ಲದ ಗ್ರಂಥಬಲವೂ ಒಂಟಿಗಾಲಿನ ನಡಿಗೆಯೇ.

1956ರಲ್ಲಿ ಬೀದರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳು ಮೈಸೂರು ರಾಜ್ಯವನ್ನು ಸೇರಿದ ಮೇಲೆ ಹೈದರಾಬಾದಿನ ಕನ್ನಡ ವ್ಯಾಸಂಗಕ್ಕೆ ಆ ಜಿಲ್ಲೆಗಳ ಆಸರೆಯೂ ತಪ್ಪಿತು. ಅಧಿಕಾರ ಹೊರನಾಡ ಕನ್ನಡಿಗರ ಕೈಯಲ್ಲಿಲ್ಲ, ದುಡಿಮೆ ಇದೆ. ಪಂಪ, ಬಸವಣ್ಣನವರ ಸ್ತುತಿಯಲ್ಲಿಯೇ ಅವರು ತೃಪ್ತರಾದರೆ ಕನ್ನಡ ಉತ್ಸವದ ಭಾಷೆಯಾಗಿ ನಿಲ್ಲುವುದು. ತಾವು ಕಲಿತ ಶಾಸ್ತ್ರವನ್ನು ಕನ್ನಡದಲ್ಲಿ ಬರೆದಲ್ಲದೆ ಕಡೆಯ ಎಲೆ ಮುಂದೆ ಸರಿಯದು.