ಊರಿನ ಹೆಸರು ತೆಗೆದರೆ ಉಳಿಯುವುದೇನು?

ಪದವಿಯ ಕೊನೆಯಲ್ಲಿ ವಿದ್ಯಾರ್ಥಿಗಳು ಬರೆದು ಒಪ್ಪಿಸುವ ಪ್ರಾಜೆಕ್ಟ್ ವರದಿಗಳಿಗೆ ನಮ್ಮಲ್ಲಿ ವಿಮರ್ಶಕರಿಲ್ಲ. ಒಂದು ಸಣ್ಣಕಥೆ ಅಚ್ಚಾದರೆ ನಾಲ್ಕು ಜನ ಮಾತಾಡುತ್ತಾರೆ. ಮನೋವಿಜ್ಞಾನ, ಜೀವವಿಜ್ಞಾನ, ನರ್ಸಿಂಗ್ ಓದುವ ಮಕ್ಕಳು ನಮ್ಮ ಮನೆಗಳಿಗೇ ಬಂದು, ನಮ್ಮನ್ನೇ ಕೇಳಿ ಬರೆದದ್ದನ್ನು ಪರೀಕ್ಷಕರ ಹೊರತು ಯಾರೂ ಓದುವುದಿಲ್ಲ. ಯಮಕನಮರಡಿಯಂಥ ಊರಿನಿಂದ ಹುಕ್ಕೇರಿಗೋ ಗೋಕಾಕಕ್ಕೋ ಬೆಳಗಾವಿಗೋ ಬಸ್ಸು ಹಿಡಿದು ಓದುವ ಹುಡುಗಿಗೆ ತನ್ನ ಜನರ ದೇಹ, ಮನಸ್ಸುಗಳ ಬಗ್ಗೆ ಸ್ವತಃ ಒಂದು ಪ್ರಶ್ನೆ ಕೇಳಲು ಸಿಗುವ ಮೊದಲ ಅವಕಾಶ ಇದು. ಎಷ್ಟೋ ಜನರಿಗೆ ಕೊನೆಯದೂ ಇದೇ. ಆದ್ದರಿಂದ ಈ ಬರವಣಿಗೆಯನ್ನು ನಾವು ಗಂಭೀರವಾಗಿ ಓದಬೇಕಾಗಿದೆ.

ಓದಿದರೆ ಮೊದಲು ಕಾಣುವುದು ಅಚ್ಚು. ಪೀಠಿಕೆ, ಉದ್ದೇಶ, ಪ್ರಶ್ನಾವಳಿ, ಕೋಷ್ಟಕ, ಬಣ್ಣದ ಚಕ್ರಚಿತ್ರ. ಕೊನೆಗೆ 'ಜನರಲ್ಲಿ ಜಾಗೃತಿ ಮೂಡಿಸಬೇಕು' ಎಂಬ ಸಲಹೆ. ಶೀರ್ಷಿಕೆಯಲ್ಲಿ 'ಹುಕ್ಕೇರಿ ತಾಲೂಕಿನ ಒಂದು ಅಧ್ಯಯನ' ಎಂದಿರುತ್ತದೆ. ಆ ಹೆಸರು ಅಳಿಸಿ ಬೇರೆ ಯಾವ ತಾಲೂಕನ್ನು ಬರೆದರೂ ವರದಿಗೆ ಏನೂ ಆಗುವುದಿಲ್ಲ. ಊರು ತೆಗೆದರೂ ಕೆಡದ ಅಧ್ಯಯನ ಆ ಊರನ್ನು ನೋಡಿಯೇ ಇಲ್ಲ ಎಂಬುದು ನಮ್ಮ ಮುಖ್ಯ ಆಕ್ಷೇಪ.

ಮನಸ್ಸಿನ ವಿಷಯಕ್ಕೆ ಬಂದಾಗ ಇದು ಇನ್ನಷ್ಟು ಢಾಳಾಗಿ ಕಾಣುತ್ತದೆ. ಹೊರದೇಶದಲ್ಲಿ ತಯಾರಾದ ಮಾಪಕವೊಂದನ್ನು ಆತುರದಲ್ಲಿ ಕನ್ನಡಕ್ಕೆ ತಂದು, 'ಯಾವಾಗಲೂ', 'ಕೆಲವೊಮ್ಮೆ', 'ಎಂದೂ ಇಲ್ಲ' ಎಂಬ ಮನೆಗಳಲ್ಲಿ ಗುರುತು ಹಾಕಿಸುತ್ತಾರೆ. ಈ ಗಡಿ ಸೀಮೆಯಲ್ಲಿ ಕನ್ನಡ, ಮರಾಠಿ, ಉರ್ದು ಮೂರೂ ಕಿವಿಗೆ ಬೀಳುತ್ತವೆ. ಉರ್ದು ಮಾತಾಡುವ ಮನೆಯ ತಾಯಿ 'ಘಬ್ರಾಹಟ್' ಎಂದರೆ ಅದು ಎದೆಯೊಳಗೆ ದಿನವಿಡೀ ಕುದಿಯುವ ತಳಮಳವೂ ಆಗಬಹುದು. ಕನ್ನಡದ 'ಗಾಬರಿ' ಹೆಚ್ಚಾಗಿ ಥಟ್ಟನೆ ಆಗುವ ದಿಗಿಲು. ವಿದ್ಯಾರ್ಥಿನಿ 'ಭಯ' ಎಂದು ಬರೆದುಕೊಂಡರೆ ತಾಯಿಯ ಸಂಕಟ ಒಂದು ಕಡೆ, ಗುರುತು ಇನ್ನೊಂದು ಕಡೆ. 'ಬ್ಯಾಸರಕಿ' ಎಂಬ ಒಂದೇ ಮಾತಿನಲ್ಲಿ ದಣಿವು, ಜಿಗುಪ್ಸೆ, ದುಃಖ ಮೂರೂ ಇರುತ್ತವೆ. ಅದಕ್ಕೆ ಪ್ರಶ್ನಾವಳಿಯಲ್ಲಿ ಮನೆಯೇ ಇಲ್ಲ. ಪಕ್ಕದಲ್ಲಿ ಅತ್ತೆ ಕೂತಿದ್ದಾಗ ಸೊಸೆ ಕೊಟ್ಟ ಉತ್ತರವೂ ಶೇಕಡಾ ಲೆಕ್ಕದಲ್ಲಿ ಸೇರಿಹೋಗುತ್ತದೆ!

ಇದಕ್ಕೆ ದಾರಿಗಳಿಲ್ಲವೆಂದಲ್ಲ. ಉಡುಪಿ ಸೀಮೆಯ ಕೋಟದಲ್ಲಿ ಜಿ.ಎಂ. ಕಾರ್‌ಸ್ಟೇರ್ಸ್ ಮತ್ತು ಆರ್.ಎಲ್. ಕಪೂರ್ ನಡೆಸಿದ ಮಾನಸಿಕ ಆರೋಗ್ಯದ ಅಧ್ಯಯನ 1976ರಲ್ಲಿ ಪುಸ್ತಕವಾಗಿ ಬಂತು. ಬ್ರಾಹ್ಮಣರು, ಬಂಟರು, ಮೊಗವೀರರು ತಮ್ಮ ಕಷ್ಟವನ್ನು ಹೇಗೆ ಅನುಭವಿಸುತ್ತಾರೆ ಎಂಬುದನ್ನು ಅದು ಕೇಳಿತು. ಊರವರು ಚಿಕಿತ್ಸೆಗೆ ಹೋಗುತ್ತಿದ್ದ ವೈದ್ಯ, ಮಂತ್ರವಾದಿ, ಪಾತ್ರಿಗಳನ್ನೂ ಕಪೂರ್ ಅಧ್ಯಯನದ ಒಳಗೆ ತಂದರು. ಮುಂದೆ ಎಚ್‌ಐವಿ ತಡೆ ಕೆಲಸದ ಮೌಲ್ಯಮಾಪನಕ್ಕೆ ಕರ್ನಾಟಕದಲ್ಲಿ 'ಮತಗಟ್ಟೆ ಸಮೀಕ್ಷೆ' ಬಳಕೆಗೆ ಬಂತು. ಗುಂಪಾಗಿ ಕೂತವರು ಮರೆಯಲ್ಲಿ ಚೀಟಿ ಹಾಕಿ ಉತ್ತರಿಸುವ ಕ್ರಮವಿದು. ಎದುರು ಕೂತು ಕೇಳಿದಾಗ ಹೇಳದ ಮಾತನ್ನು ಜನ ಚೀಟಿಯಲ್ಲಿ ಹೇಳಿದರು. ಚೀಟಿಗೂ ಡಬ್ಬಕ್ಕೂ ದೊಡ್ಡ ಅನುದಾನವೇನೂ ಬೇಕಿಲ್ಲ.

ಬೆಳಗಾವಿ ಜಿಲ್ಲೆಯದೇ ಒಂದು ಉದಾಹರಣೆ ಇದೆ. 2002ರಿಂದ 2005ರವರೆಗೆ ಇಲ್ಲಿನ ಹಳ್ಳಿಗಳ 1,620 ಬಾಣಂತಿಯರ ಮೇಲೆ ಮಿಸೊಪ್ರೊಸ್ಟಾಲ್ ಮಾತ್ರೆಯ ಪರೀಕ್ಷೆ ನಡೆಯಿತು. ಹೆರಿಗೆಯ ನಂತರದ ಅತಿ ರಕ್ತಸ್ರಾವ ಶೇ. 12ರಿಂದ 6.4ಕ್ಕೆ ಇಳಿಯಿತು. 2006ರಲ್ಲಿ 'ಲ್ಯಾನ್ಸೆಟ್' ಪತ್ರಿಕೆ ಅದನ್ನು ಪ್ರಕಟಿಸಿತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಬಳಕೆಗಾಗಿ ಮಾತ್ರೆಯನ್ನು ತನ್ನ ಅವಶ್ಯಕ ಔಷಧಿಗಳ ಪಟ್ಟಿಗೆ ಸೇರಿಸಿತು. ಇದು ತಜ್ಞರ ಕೆಲಸ, ವಿದ್ಯಾರ್ಥಿಗಳದ್ದಲ್ಲ, ನಿಜ. ಆದರೆ ಪ್ರಶ್ನೆ ಹುಟ್ಟಿದ್ದು ಎಲ್ಲಿ? ಚುಚ್ಚುಮದ್ದು, ಅದನ್ನು ತಂಪಾಗಿ ಇಡುವ ಅನುಕೂಲ, ಡಾಕ್ಟರು ಯಾವುದೂ ಇಲ್ಲದ ಕಡೆ ಎಎನ್‌ಎಂ ಅಕ್ಕ ಏನು ಮಾಡಬೇಕು ಎಂಬಲ್ಲಿ. ರಕ್ತವನ್ನು ಕಣ್ಣಂದಾಜಿನಲ್ಲಿ ಬಿಡದೆ, ಅಳತೆಗೆರೆ ಹಾಕಿದ ಪ್ಲಾಸ್ಟಿಕ್ ಹಾಳೆಯನ್ನು ತಾಯಿಯ ಕೆಳಗೆ ಹಾಸಿ ಅಳೆದರು. ಸ್ಥಳದ ಪ್ರಶ್ನೆ, ಅದಕ್ಕೆ ತಕ್ಕ ಅಳತೆಗೋಲು. ನಮ್ಮ ಪ್ರಾಜೆಕ್ಟುಗಳಲ್ಲಿ ಕಾಣದಿರುವುದು ಇವೆರಡೇ.

ತಪ್ಪು ಮಕ್ಕಳದು ಎಂದು ನಾವು ಹೇಳಲಾರೆವು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 1979ರಲ್ಲೇ ವಿದ್ಯಾರ್ಥಿಗಳಿಗಾಗಿ ಎರಡು ತಿಂಗಳ ಸಂಶೋಧನೆಯ ಯೋಜನೆ ಆರಂಭಿಸಿತು. ಆದರೆ ಅದು ವೈದ್ಯಕೀಯ, ದಂತವೈದ್ಯಕೀಯ ಓದುವವರಿಗೆ. ತಾಲೂಕು ಕಾಲೇಜಿನ ಬಿ.ಎ., ಬಿ.ಎಸ್ಸಿ. ಹುಡುಗಿಗೆ ಅಲ್ಲಿ ಜಾಗವಿಲ್ಲ. 2021ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯೊಂದಿಗೆ ಬಂದ ನಾಲ್ಕನೇ ವರ್ಷದ ಆನರ್ಸ್‌ನಲ್ಲಿ ಸಂಶೋಧನೆಗೆ ಅವಕಾಶವಿತ್ತು. 2024ರ ಮೇ ತಿಂಗಳಲ್ಲಿ ಸರಕಾರ ಮೂರು ವರ್ಷದ ಪದವಿಗೇ ಮರಳಿತು. ಮದುವೆಯ ಮಾತು, ಮನೆಯ ಸಾಲ ಎರಡೂ ಕಾಯುತ್ತಿರುವ ಕುಟುಂಬಗಳಿಗೆ ಇನ್ನೊಂದು ವರ್ಷ ಹೊರೆಯೇ ಆಗಿತ್ತು. ಅದು ಹೋದದ್ದಕ್ಕೆ ನಾವು ಮರುಗುವುದಿಲ್ಲ. ಆದರೆ ವರ್ಷದ ಜೊತೆಗೆ ಪ್ರಶ್ನೆ ಕೇಳುವ ಹಕ್ಕೂ ಹೋಗಬೇಕೇ?

ಪ್ರಶ್ನೆಗಳಿಗೆ ಇಲ್ಲಿ ಬರವಿಲ್ಲ. 2024ರ ಫೆಬ್ರವರಿಯಲ್ಲಿ ಕರ್ನಾಟಕ ಸರಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣಗಳ ಸಾಲಿಗೆ ಸೇರಿಸಿದೆ. ಕಬ್ಬಿನ ಗದ್ದೆಗೆ ಇಳಿಯುವವರಿಗೆ ಯಾವ ಹೊತ್ತಿನಲ್ಲಿ, ಯಾವ ಕೆಲಸದಲ್ಲಿ ಹಾವು ಕಚ್ಚುತ್ತದೆ, ಆಸ್ಪತ್ರೆ ಮುಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಯಮಕನಮರಡಿ ಸುತ್ತಿನ ಹಳ್ಳಿಗಳಲ್ಲಿ ಕೇಳಿ ಬರೆದರೆ ಅದೇ ಒಳ್ಳೆಯ ಜೀವವಿಜ್ಞಾನ. ಅಂಥ ವರದಿಯಿಂದ ಊರಿನ ಹೆಸರನ್ನು ಅಳಿಸಲಾಗುವುದಿಲ್ಲ. ತಾಯಂದಿರು ತಮ್ಮ ಸಂಕಟಕ್ಕೆ ಇಟ್ಟ ಹೆಸರುಗಳನ್ನು ಮೂರು ಭಾಷೆಯಲ್ಲಿ ಕಲೆಹಾಕಿದರೆ ಅದೇ ಮನೋವಿಜ್ಞಾನ.

ನಾವು ಬೇಡುವುದು ಮೂರು. ಪ್ರಶ್ನೆ ಮೊದಲು ಊರಿನ ಬಾಯಿಂದ ಬರಲಿ. ಉತ್ತರಿಸುವವರಿಗೆ ಅವರ ಭಾಷೆಯಲ್ಲಿ ವಿಷಯ ತಿಳಿಸಿ, 'ಒಲ್ಲೆ' ಎನ್ನುವ ಹಕ್ಕು ಅವರಿಗಿದೆಯೆಂದು ಹೇಳಿ ಒಪ್ಪಿಗೆ ಪಡೆಯಲಿ. ಮುಗಿದ ಮೇಲೆ ವರದಿಯ ಸಾರವನ್ನು ಎರಡು ಪುಟದಲ್ಲಿ ಬರೆದು ಅದೇ ಓಣಿಯಲ್ಲಿ ಓದಿ ಹೇಳಲಿ. 'ನಾ ಹೇಳಿದ್ದು ಹಂಗಲ್ಲವ್ವಾ' ಎಂದು ಯಾರಾದರೂ ತಿದ್ದಿದರೆ ಆ ತಿದ್ದುಪಡಿಯೂ ವರದಿಯಲ್ಲಿ ಸೇರಲಿ.