ಕೂಗಬಾರದಲ್ಲಿ ಕೂಗು, ಹೇಳಬೇಕಾದಲ್ಲಿ ಮೌನ

ಹಳೆಯ ಆಟೋಕ್ಯಾಡ್ ತೋರಿಸುವ ಎಚ್ಚರಿಕೆಗಳಿಗೆ ನಮ್ಮ ಡ್ರಾಫ್ಟಿಂಗ್ ಆಫೀಸುಗಳಲ್ಲಿ ಇಲ್ಲದ ಮರ್ಯಾದೆಯಿದೆ. ಬೆಂಗಳೂರಿನ ಯಡಿಯೂರು, ಜಯನಗರದ ಕಡೆ ಹಳೆಯ ಮನೆ ಕೆಡವಿ ಮಹಡಿ ಎತ್ತುವವರ ನಕ್ಷೆ ಆರ್ಕಿಟೆಕ್ಟಿನಿಂದ ಸ್ಟ್ರಕ್ಚರಲ್ ಇಂಜಿನಿಯರಿಗೆ, ಅಲ್ಲಿಂದ ಪ್ಲಾನ್ ಹಾಕುವವರಿಗೆ ಅಲೆಯುತ್ತದೆ. ಒಬ್ಬೊಬ್ಬರಲ್ಲಿ ಒಂದೊಂದು ಇಸವಿಯ ಆವೃತ್ತಿ. ಎಚ್ಚರಿಕೆ ಬಂದರೆ ಫೈಲು ಕೆಟ್ಟಿದೆ, ಬರದಿದ್ದರೆ ಸರಿಯಿದೆ ಎಂದು ನಂಬಿಕೆ. ಬಹುಮಟ್ಟಿಗೆ ಇದು ಉಲ್ಟಾ.

‘ಡ್ರಾಯಿಂಗ್ ಫೈಲ್ ಈಸ್ ನಾಟ್ ವ್ಯಾಲಿಡ್’ ಎಂಬ ಸಾಲನ್ನೇ ನೋಡಿ. 2018ರ ರೂಪದಲ್ಲಿ ಸೇವ್ ಮಾಡಿದ ಡಿಡಬ್ಲ್ಯೂಜಿಯನ್ನು, ಅಂದರೆ ಆಟೋಕ್ಯಾಡಿನ ನಕ್ಷೆಯ ಫೈಲನ್ನು, 2007ರ ಆವೃತ್ತಿಗೆ ಕೊಟ್ಟರೆ ಎಷ್ಟೋ ಸಲ ಸಿಗುವ ಉತ್ತರ ಇದು. ನಿಜಕ್ಕೂ ಹಾಳಾದ ಫೈಲಿಗೂ ಇದೇ ಉತ್ತರ. ಅದೇ ಫೈಲನ್ನು ನೋಟ್‌ಪ್ಯಾಡಿನಲ್ಲಿ ತೆರೆಯಿರಿ: ಗೋಜಲು ಶುರುವಾಗುವ ಮುನ್ನ ‘ಎಸಿ1032’ ಎಂಬ ಆರು ಅಕ್ಷರಗಳು ಸ್ಪಷ್ಟವಾಗಿ ಕಾಣುತ್ತವೆ. ಅದು 2018ರ ರೂಪದ ಸಂಕೇತ; 2007ರ ರೂಪಕ್ಕೆ ಎಸಿ1021, 2013ರದಕ್ಕೆ ಎಸಿ1027. ಮುಂದೆ ಹುಟ್ಟುವ ಸಂಕೇತ 2007ರಲ್ಲಿ ಹೇಗೆ ಗೊತ್ತಿರಬೇಕು ಎಂದು ವಕಾಲತ್ತು ಹಾಕುವವರಿದ್ದಾರೆ. ಗೊತ್ತಿರಬೇಕಾಗಿಲ್ಲ ಸ್ವಾಮಿ, 1021ಕ್ಕಿಂತ 1032 ದೊಡ್ಡದು ಎಂಬಷ್ಟು ಲೆಕ್ಕ ಬಂದರೆ ಸಾಕಿತ್ತು. ‘ಇದು ನನಗಿಂತ ಹೊಸದು, ಹಳೆಯ ರೂಪದಲ್ಲಿ ಸೇವ್ ಮಾಡಿಸಿ ತನ್ನಿ’ ಎನ್ನಬಹುದಿತ್ತು. ಅದು ಬಿಟ್ಟು ತನ್ನ ಮುಪ್ಪನ್ನು ಫೈಲಿನ ತಲೆಗೆ ಕಟ್ಟುತ್ತದೆ. ಕಂಪ್ಯೂಟರಿನ ಮುಂದೆ ಕೂತವನು ಏನೂ ಆಗದ ಫೈಲಿನ ಮೇಲೆ ರಿಪೇರಿಯ ‘ರಿಕವರ್’ ಕಮಾಂಡ್ ಓಡಿಸುತ್ತಾನೆ.

ಇನ್ನೊಂದು, 2007ರ ಆವೃತ್ತಿಯ ಜೊತೆ ಬಂದ ‘ಟ್ರಸ್ಟೆಡ್ ಡಿಡಬ್ಲ್ಯೂಜಿ’. ಆಟೋಕ್ಯಾಡ್ ತಯಾರಿಸುವ ಆಟೋಡೆಸ್ಕ್ ತನ್ನ ಫೈಲುಗಳೊಳಗೆ ಹಾಕುವ ಗುರುತು ಇದು. ಫೈಲನ್ನು ಆಟೋಡೆಸ್ಕಿನದೂ ಅಲ್ಲದ, ಅದರ ಪರವಾನಗಿಯೂ ಇಲ್ಲದ ತಂತ್ರಾಂಶ ಬರೆದು ಆ ಗುರುತು ಇಲ್ಲದಿದ್ದರೆ ಆಟೋಕ್ಯಾಡ್ ಎಚ್ಚರಿಸುತ್ತದೆ. ಗೋಡೆ ಸರಿಯಿದೆಯೇ, ಅಳತೆ ಸರಿಯಿದೆಯೇ ಎಂಬ ಪ್ರಶ್ನೆಯೇ ಅಲ್ಲಿಲ್ಲ. ಡಿಡಬ್ಲ್ಯೂಜಿ ಓದಿ ಬರೆಯುವ ತಂತ್ರಾಂಶ ಕಟ್ಟುವ ಓಪನ್ ಡಿಸೈನ್ ಅಲಯನ್ಸ್ ಆ ಗುರುತನ್ನು ತನ್ನ ಫೈಲುಗಳಲ್ಲೂ ಹಾಕಿತೆಂದು ಆಟೋಡೆಸ್ಕ್ 2006ರ ನವೆಂಬರಿನಲ್ಲಿ ಕೋರ್ಟಿಗೆ ಹೋಯಿತು. ಮರುವರ್ಷ ವ್ಯಾಜ್ಯ ಮುಗಿಯುವ ಹೊತ್ತಿಗೆ ಅಲಯನ್ಸ್ ಗುರುತನ್ನು ತೆಗೆಯಿತು, ಆಟೋಡೆಸ್ಕ್ 2008ರ ಆವೃತ್ತಿಯಲ್ಲಿ ಎಚ್ಚರಿಕೆಯ ಮಾತನ್ನು ಮೆತ್ತಗೆ ಮಾಡಿತು. ವ್ಯಾಜ್ಯಕ್ಕೆ ತಕ್ಕಂತೆ ಮೆತ್ತಗಾಗುವ ಮಾತನ್ನು ತಾಂತ್ರಿಕ ಎಚ್ಚರಿಕೆ ಎನ್ನಲು ನನಗೆ ಮನಸ್ಸಿಲ್ಲ.

‘ಹೊಸ ಆವೃತ್ತಿಯ ಚಂದಾ ಕಟ್ಟಿ, ತಾಪತ್ರಯವಿಲ್ಲ’ ಎನ್ನುವ ವಿಮರ್ಶಕರಿಗೆ ಒಂದು ಮಾತು: 2018ರ ನಂತರದ ಆವೃತ್ತಿಗಳೂ ವರ್ಷಗಟ್ಟಲೆ ಅದೇ ಎಸಿ1032ರಲ್ಲೇ ಬರೆದಿವೆ. ಹಳೆಯ ರೂಪಕ್ಕೆ ಇಳಿಸಿಕೊಡುವ ಡಿಡಬ್ಲ್ಯೂಜಿ ಟ್ರೂವ್ಯೂ ಪುಕ್ಕಟೆ ಸಿಗುತ್ತದೆ. ವರ್ಷವರ್ಷ ಚಂದಾ ಯಾವ ರೋಗಕ್ಕೆ? ‘ಡಿಎಕ್ಸ್‌ಎಫ್ ಎಂಬ ವಿನಿಮಯ ರೂಪ ಬಳಸಿದರೆ ಮುಕ್ತಿ’ ಎನ್ನುವ ಎದುರು ಪಾಳಯವೂ ಡಿಎಕ್ಸ್‌ಎಫ್‌ನ ಮೊದಲ ಪುಟ ತಿರುವಿದಂತಿಲ್ಲ. ಇದೇ ಎಸಿ ಸಂಕೇತ ಅಲ್ಲೂ ಕೂತಿದೆ.

ಒಳ್ಳೆಯದನ್ನೂ ಹೇಳಬೇಕಲ್ಲ. ಆಟೋಕ್ಯಾಡಿನ ಸ್ವಂತದ ಎಸ್‌ಎಚ್‌ಎಕ್ಸ್ ಫಾಂಟು ಕಾಣೆಯಾದಾಗ ಬರುವ ಎಚ್ಚರಿಕೆ ಯಾವ ಫೈಲು ಇಲ್ಲವೆಂದು ಹೆಸರು ಹಿಡಿದು ಹೇಳುತ್ತದೆ. ಸಿವಿಲ್ 3ಡಿಯಿಂದ ಬಂದ ವಸ್ತುಗಳಿಗೆ ‘ಇದು ನನಗೆ ಪೂರ್ತಿ ಅರ್ಥವಾಗದು’ ಎಂದು ಬರುವ ಪ್ರಾಕ್ಸಿ ಎಚ್ಚರಿಕೆಯೂ ಪ್ರಾಮಾಣಿಕ. ವಿಚಿತ್ರವೆಂದರೆ ಜನ ‘ಪ್ರಾಕ್ಸಿನೋಟಿಸ್’ ಎಂಬ ಸೆಟ್ಟಿಂಗನ್ನು ಸೊನ್ನೆ ಮಾಡಿ ಬಾಯಿ ಮುಚ್ಚಿಸುವುದು ಇದನ್ನೇ.

ನಿಜವಾದ ಅಪಾಯ ಕನ್ನಡದ್ದು. ಚಕ್ಕುಬಂದಿಯನ್ನು ‘ನುಡಿ’ ತಂತ್ರಾಂಶದ ಹಳೆಯ, ಯೂನಿಕೋಡ್ ಅಲ್ಲದ ಫಾಂಟಿನಲ್ಲಿ ಬರೆದ ನಕ್ಷೆಯನ್ನು ಆ ಫಾಂಟಿಲ್ಲದ ಕಂಪ್ಯೂಟರಿನಲ್ಲಿ ತೆರೆಯಿರಿ. ‘ಪೂರ್ವಕ್ಕೆ ರಸ್ತೆ’ ಇದ್ದಲ್ಲಿ ಅರ್ಥವಿಲ್ಲದ ರೋಮನ್ ಅಕ್ಷರಗಳ ಸಾಲು. ಟ್ರೂಟೈಪ್ ಫಾಂಟಾದ್ದರಿಂದ ಎಸ್‌ಎಚ್‌ಎಕ್ಸ್‌ಗೆ ಬರುವ ಎಚ್ಚರಿಕೆ ಇಲ್ಲಿ ಏಳುವುದಿಲ್ಲ. ಹೆಚ್ಚೆಂದರೆ ಕಮಾಂಡ್ ಲೈನಿನಲ್ಲಿ ಒಂದು ಸಾಲು ಹಾದುಹೋಗುತ್ತದೆ. ಪ್ಲಾಟರು ಕೊಟ್ಟದ್ದನ್ನು ಮುದ್ರಿಸುತ್ತದೆ. ಡಿಡಬ್ಲ್ಯೂಜಿಯ ಜೊತೆ ಒಂದು ಪಿಡಿಎಫ್ ಇಲ್ಲದೆ ನಕ್ಷೆ ಮುಟ್ಟದ ಹಳೆಯ ಡ್ರಾಫ್ಟ್ಸ್‌ಮನ್‌ಗಳ ಹಟಕ್ಕೆ ಕಾರಣ ಇದು.